ವಧಾಸ್ಥಾನದಲ್ಲಿ ಮಂಡಿಯೂರಿದವರು

ಟಾಮ್ ಟಿಕ್ವರ್ 2006ರಲ್ಲಿ ತೆರೆಗೆ ತಂದ ‘ಪರ್‌ಫ್ಯೂಮ್’ ಚಿತ್ರದ ಬಗ್ಗೆ ನಮ್ಮ ವಿದ್ಯಾವಂತ ಪ್ರೇಕ್ಷಕರು ಆಡುವ ಎರಡು ಮಾತುಗಳನ್ನು ಕೇಳಿ ಕೇಳಿ ನನ್ನ ತಾಳ್ಮೆ ತೀರಿದೆ. ವಾಸನೆಯನ್ನು ತೆರೆಯ ಮೇಲೆ ತೋರಿಸಲಾದೀತೇ ಎಂಬುದು ಮೊದಲನೆಯದು. ಪ್ಯಾರಿಸಿನ ಮೀನುಪೇಟೆಯ ಕೊಳಕಿನಲ್ಲಿ ಗ್ರೆನೂಯ್ ಹುಟ್ಟುವಾಗ ಮೂಗು ಮುಚ್ಚಿಕೊಂಡವರೇ ಹೀಗೆನ್ನುವುದು ಸೋಜಿಗ! ಅದಿರಲಿ.

ಎರಡನೆಯದು ಗ್ರಾಸ್ ಪಟ್ಟಣದ ವಧಾಸ್ಥಾನವನ್ನು ಕುರಿತದ್ದು. ಹೂವಿನ ಕಂಪನ್ನು ಕೊಬ್ಬಿಗೆ ಹೀರಿಸುವ ಅಲ್ಲಿನ ಸುಗಂಧಕಾರರ ವಿದ್ಯೆಯನ್ನು ತರುಣಿಯರ ಶವಗಳ ಮೇಲೆ ಪ್ರಯೋಗಿಸಿದವನು ಈ ಗ್ರೆನೂಯ್. ಶಿಕ್ಷೆಗೆಂದು ಕರೆತಂದಾಗ ಅವನು ಅತ್ತರು ಸೋಕಿದ ಕರವಸ್ತ್ರವನ್ನು ಬೀಸುತ್ತಾನೆ. ಜನಸ್ತೋಮ ಮರುಳಾಗುತ್ತದೆ, ಬಿಷಪ್ಪನಿಗೆ ಅವನು ದೇವದೂತನಾಗಿ ಕಾಣುತ್ತಾನೆ, ಮಗಳನ್ನು ಕಳೆದುಕೊಂಡ ತಂದೆಯೂ ಮಂಡಿಯೂರಿ ಅವನ ಕ್ಷಮೆ ಬೇಡುತ್ತಾನೆ. “ಅಸಂಭವ, ಹಾಸ್ಯಾಸ್ಪದ” ಎಂದು ನಗುತ್ತಾರೆ ನಮ್ಮವರು.

ನಗುವ ಮುನ್ನ ಒಂದು ಮಾತು, ಸ್ವಾಮಿ. “ಪಾಪ, ಪ್ರೀತಿ ಕಾಣದ ಅನಾಥ, ಎಂಥ ಪ್ರತಿಭೆ!” ಎಂದು ಕೊಲೆಗಾರನಿಗಾಗಿ ಕರಗಿದವರು ಯಾರು? ಸತ್ತವರಲ್ಲಿ ಎಷ್ಟು ಹುಡುಗಿಯರ ಹೆಸರು ನಿಮ್ಮ ನೆನಪಿನಲ್ಲಿ ಉಳಿದಿದೆ? ಲಾರಾ ಒಬ್ಬಳು. ಉಳಿದವರು? ಬೀಭತ್ಸವೂ ರಸವೇ ಎಂದು ತರಗತಿಯಲ್ಲಿ ಪಾಠ ಹೇಳುವ ನಾನೂ ಈ ಪ್ರಶ್ನೆಯ ಮುಂದೆ ತಲೆ ತಗ್ಗಿಸಿದವನೇ. ಕತೆಗಾರ ಮಾಡಿರುವ ಆರೋಪ ನಮ್ಮ ಮೇಲೆಯೇ. ಅದನ್ನು ನಾವು ಕಥೆಯ ದೋಷವೆಂದು ಬರೆದುಕೊಂಡೆವು.

ಪ್ಯಾರಿಸಿನ ಬೀದಿಯಲ್ಲಿ ಪ್ಲಮ್ ಹಣ್ಣು ಮಾರುತ್ತಿದ್ದ ಹುಡುಗಿ ಅವನ ಕೈಗೆ ಮೊದಲು ಬಲಿಯಾದವಳು. ಅವಳಿಗೆ ಚಿತ್ರದಲ್ಲಿ ಹೆಸರೇ ಇಲ್ಲ. ವಧಾಸ್ಥಾನದ ಆ ಉನ್ಮಾದದ ನಡುವೆ ಅವಳನ್ನು ನೆನೆದು ಕಣ್ಣೀರಿಡುವವನು, ಕೊಂದ ಅವನೊಬ್ಬನೇ.