ಶೋರೂಮಿನ ಬೆಳಕಲ್ಲಿ ಟಿವಿ ಆರಿಸಬೇಡಿ

ಹೈದರಾಬಾದಿನ ಆಬಿಡ್ಸ್, ಕೋಟಿ, ಅಮೀರ್‌ಪೇಟ, ಕೂಕಟ್‌ಪಲ್ಲಿ ಎಲ್ಲಿ ವಿಚಾರಿಸಿದರೂ ಇವತ್ತು ಹೊಸ ಪ್ಲಾಸ್ಮಾ ಟಿವಿ ಸಿಗುವುದಿಲ್ಲ. ಪ್ಯಾನಾಸೋನಿಕ್ ಕಂಪನಿ 2013ರ ಡಿಸೆಂಬರಿನಲ್ಲಿ ಪ್ಲಾಸ್ಮಾ ಪರದೆಯ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಮರುವರ್ಷದ ಕೊನೆಗೆ ಅದನ್ನು ಕೈಬಿಟ್ಟವು. ಹೀಗಾಗಿ ದಸರಾ, ದೀಪಾವಳಿಯ ಹೊತ್ತಿಗೆ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಖರೀದಿಗೆಂದು ಇಲ್ಲಿಗೆ ಬರುವವರಿಗಾಗಲಿ, ಇಲ್ಲೇ ನೆಲೆಸಿದ ಕನ್ನಡಿಗರಿಗಾಗಲಿ, ಪ್ಲಾಸ್ಮಾ ಕೊಳ್ಳಬೇಕೋ ಎಲ್‌ಇಡಿಯೋ ಎಂಬ ಗೊಂದಲ ಉಳಿದಿಲ್ಲ ಎಂದೇ ಕಾಣುತ್ತದೆ. ಆದರೆ ಗೊಂದಲ ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೆ. ಪ್ಲಾಸ್ಮಾ ನಿಂತಿದ್ದ ಜಾಗದಲ್ಲಿ ಈಗ ಒಎಲ್‌ಇಡಿ ನಿಂತಿದೆ. ಅಂದು ಜನ ಯಾವ ಲೆಕ್ಕದ ಮೇಲೆ ಟಿವಿ ಆರಿಸಿದರೋ ಇಂದೂ ಅದೇ ಲೆಕ್ಕ ನಡೆಯುತ್ತಿದೆ: ಸಾಲಾಗಿ ಉರಿಯುವ ಹತ್ತಾರು ಪರದೆಗಳ ಮುಂದೆ ನಿಂತು, ಕಣ್ಣಿಗೆ ರಾಚುವಷ್ಟು ಬೆಳಗುವುದನ್ನು ಬೆರಳು ಮಾಡಿ ತೋರಿಸುವುದು. ಟಿವಿಯನ್ನು ಅಳೆಯಬೇಕಾದ್ದು ಅದು ಕೂರುವ ಕೋಣೆಯ ಬೆಳಕಿನಿಂದ ಮತ್ತು ಅದರಲ್ಲಿ ದಿನವಿಡೀ ಏನು ಓಡುತ್ತದೆ ಎಂಬುದರಿಂದ ಎನ್ನುವುದು ನನ್ನ ವಾದ. ಹೀಗೆ ಅಳೆದರೆ ಎಲ್ಲ ಮನೆಗೂ ಒಂದೇ ಉತ್ತರ ಬರುವುದಿಲ್ಲ.

ಇವು ಕೆಲಸ ಮಾಡುವ ಬಗೆ ತಿಳಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಪ್ಲಾಸ್ಮಾ ಪರದೆಯ ಮೂಲ 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಅವರ ಸಂಗಡಿಗರು ಮಾಡಿದ ಕೆಲಸದಲ್ಲಿದೆ. ಎರಡು ಗಾಜಿನ ಹಾಳೆಗಳ ನಡುವೆ ಸಣ್ಣ ಸಣ್ಣ ಗೂಡುಗಳು, ಅವುಗಳಲ್ಲಿ ನಿಯಾನ್, ಕ್ಸೆನಾನ್ ಅನಿಲ. ವಿದ್ಯುತ್ ಹರಿದಾಗ ಅನಿಲದಿಂದ ಹೊಮ್ಮುವ ನೇರಳಾತೀತ ಕಿರಣ ಫಾಸ್ಫರ್ ಲೇಪಕ್ಕೆ ತಾಗಿ ಬಣ್ಣ ಮೂಡುತ್ತದೆ. ಪ್ರತಿ ಚುಕ್ಕಿಯೂ ತನ್ನ ಬೆಳಕನ್ನು ತಾನೇ ಹುಟ್ಟಿಸುತ್ತದೆ. ಕಪ್ಪು ಬೇಕಾದ ಕಡೆ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಅಂಗಡಿಯಲ್ಲಿ ಎಲ್‌ಇಡಿ ಎಂದು ಮಾರುವ ಟಿವಿಯಲ್ಲಿ ಚಿತ್ರ ಮೂಡಿಸುವುದು ಹಳೆಯ ಎಲ್‌ಸಿಡಿ ಪರದೆಯೇ. ಎಲ್‌ಇಡಿ ಇರುವುದು ಅದರ ಬೆನ್ನಿಗೆ ಹಚ್ಚಿದ ದೀಪದಲ್ಲಿ. ಹಿಂದಿನ ದೀಪ ಸದಾ ಉರಿಯುತ್ತಿರುತ್ತದೆ, ಮುಂದಿನ ದ್ರವಸ್ಫಟಿಕ ಬೇಕಾದಲ್ಲಿ ಬೆಳಕು ಬಿಡುತ್ತದೆ, ಬೇಡವಾದಲ್ಲಿ ತಡೆಯುತ್ತದೆ. ತಡೆ ಪೂರ್ತಿಯಾಗದು. ಮುಚ್ಚಿದ ಕಿಟಕಿಯ ಸಂದಿಯಲ್ಲಿ ಬಿಸಿಲು ಸೋರಿದಂತೆ ಬೆಳಕು ಸೋರುತ್ತದೆ, ಕಪ್ಪು ಬೂದುಬಣ್ಣವಾಗುತ್ತದೆ. ಪ್ಲಾಸ್ಮಾದ ಗುಣ ಇವತ್ತು ಉಳಿದಿರುವುದು ಒಎಲ್‌ಇಡಿಯಲ್ಲಿ. ಅಲ್ಲಿಯೂ ಚುಕ್ಕಿ ತಾನೇ ಉರಿದು ತಾನೇ ಆರುತ್ತದೆ.

ಚಿತ್ರದ ಗುಣದಲ್ಲಿ ಮೇಲಾಗಿದ್ದೂ ಪ್ಲಾಸ್ಮಾ ಸೋತದ್ದು ಹೇಗೆ? ಕಾರಣ ಒಂದಲ್ಲ. ಗಾಜಿನ ಭಾರಕ್ಕೆ 42 ಇಂಚಿನ ಸೆಟ್ಟನ್ನೂ ಇಬ್ಬರು ಹಿಡಿದೆತ್ತಬೇಕಿತ್ತು. ಸಣ್ಣ ಅಳತೆಯಲ್ಲಿ ಮಾಡುವುದು ಲಾಭಕ್ಕೆ ಬರುತ್ತಿರಲಿಲ್ಲ. 4ಕೆ ಬಂದು ಚುಕ್ಕಿಗಳು ಕಿರಿದಾದಾಗ ಆ ಗೂಡುಗಳಿಂದ ಸಾಕಷ್ಟು ಬೆಳಕು ಹೊರಡಿಸುವುದು ಕಷ್ಟವಾಯಿತು. ಎಲ್‌ಸಿಡಿ ಕಾರ್ಖಾನೆಗಳಿಗಾದರೋ ಮೊಬೈಲ್, ಲ್ಯಾಪ್‌ಟಾಪ್, ಮಾನಿಟರ್ ಎಲ್ಲದರಿಂದ ಗಿರಾಕಿ; ಆ ಪ್ರಮಾಣದ ಎದುರು ಪ್ಲಾಸ್ಮಾ ಬೆಲೆಯಲ್ಲಿ ನಿಲ್ಲಲಾರದೆ ಹೋಯಿತು. ಇಷ್ಟನ್ನೂ ಒಪ್ಪಿಕೊಂಡೇ ಹೇಳಬೇಕಾದ ಇನ್ನೊಂದು ಮಾತಿದೆ. ಗಿರಾಕಿಯ ಮನಸ್ಸಿನಲ್ಲಿ ಪ್ಲಾಸ್ಮಾ ಸೋತದ್ದು ಮಾರುವ ಜಾಗದಲ್ಲಿ. ಟ್ಯೂಬ್‌ಲೈಟುಗಳ ಕೆಳಗೆ, ಬಿಳಿ ಗೋಡೆಯ ಎದುರು ಪ್ಲಾಸ್ಮಾ ಗಾಜಿನ ಮೇಲೆ ದೀಪದ ಪ್ರತಿಬಿಂಬ ಕೂರುತ್ತಿತ್ತು, ಚಿತ್ರ ಮಂಕಾಗಿ ಕಾಣುತ್ತಿತ್ತು. ಪಕ್ಕದ ಎಲ್‌ಇಡಿಯನ್ನು ‘ವಿವಿಡ್’ ಮೋಡ್‌ಗೆ ಹಾಕಿ ಹಸಿರನ್ನು ಗಿಳಿಹಸಿರು ಮಾಡಿ, ಚರ್ಮವನ್ನು ಕಿತ್ತಳೆ ಮಾಡಿ ತೋರಿಸಿದರೆ ಯಾರು ತಾನೇ ಪ್ಲಾಸ್ಮಾ ಕಡೆ ತಿರುಗಿ ನೋಡಿಯಾರು? ಕಪ್ಪು ಬಣ್ಣದ ಗಾಢತೆಗೆ ಹೆಸರಾಗಿದ್ದ ಪಯನೀರ್ ಕಂಪನಿಯ ಕುರೊ ಸರಣಿ ಬಂದದ್ದು 2007ರಲ್ಲಿ. ಎರಡೇ ವರ್ಷದಲ್ಲಿ ಕಂಪನಿ ಟಿವಿ ವ್ಯಾಪಾರದಿಂದ ಹೊರಬರುವ ನಿರ್ಧಾರ ಪ್ರಕಟಿಸಿತು.

ಹಾಗಾದರೆ ಎಲ್‌ಇಡಿ ಕೊಂಡ ಹೈದರಾಬಾದಿಗರೆಲ್ಲ ಮೋಸಹೋದರೇ? ಖಂಡಿತ ಇಲ್ಲ, ಬಹುಪಾಲು ಮನೆಗಳ ಮಟ್ಟಿಗೆ ಎಲ್‌ಇಡಿಯೇ ಸರಿಯಾದ ಆಯ್ಕೆಯಾಗಿತ್ತು, ಈಗಲೂ ಆಗಿದೆ. ಇಲ್ಲಿನ ಮಾಮೂಲಿ ಫ್ಲಾಟಿನಲ್ಲಿ ಹಾಲ್ ಎಂದರೆ ಬಾಲ್ಕನಿ ಬಾಗಿಲಿಗೆ ಎದುರಾದ ಜಾಗ. ಹಗಲಿಡೀ ಬಿಸಿಲು ಒಳಗೆ, ಸಂಜೆಯಾದರೆ ಟ್ಯೂಬ್‌ಲೈಟ್ ಮೇಲೆ. ದೀಪ ಆರಿಸಿ ಟಿವಿ ನೋಡುವ ರೂಢಿ ನಮ್ಮಲ್ಲಿ ಕಡಿಮೆ. ಒಬ್ಬರು ಟಿವಿ ನೋಡುತ್ತಿದ್ದರೆ ಇನ್ನೊಬ್ಬರು ಅದೇ ಹಾಲಿನಲ್ಲಿ ಸೊಪ್ಪು ಬಿಡಿಸುತ್ತಾರೆ, ಮಗು ಹೋಂವರ್ಕ್ ಮಾಡುತ್ತದೆ. ಅಂಥ ಬೆಳಕಿನಲ್ಲಿ ಆಳವಾದ ಕಪ್ಪಿನಿಂದ ಆಗುವ ಪ್ರಯೋಜನ ಕಡಿಮೆ, ಹೆಚ್ಚಿನ ಪ್ರಕಾಶದಿಂದ ಆಗುವುದು ಜಾಸ್ತಿ. ವಿದ್ಯುತ್ತಿನ ಲೆಕ್ಕವೂ ಎಲ್‌ಇಡಿ ಕಡೆಗೇ ವಾಲುತ್ತದೆ. ದೊಡ್ಡ ಪ್ಲಾಸ್ಮಾ ಸೆಟ್ 200 ವ್ಯಾಟ್ ಎಳೆಯುತ್ತದೆ, ಅದೇ ಅಳತೆಯ ಎಲ್‌ಇಡಿ 70 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 23 ಯೂನಿಟ್‌ಗೂ ಮೇಲೆ ವ್ಯತ್ಯಾಸ ಬರುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಕರ್ನಾಟಕದಲ್ಲಿ 2023ರಿಂದ, ತೆಲಂಗಾಣದಲ್ಲಿ 2024ರಿಂದ ಜಾರಿಯಲ್ಲಿರುವ, ಎರಡೂ ಕಡೆ ಒಂದೇ ಹೆಸರಿನ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಗೆ 200 ಯೂನಿಟ್ಟಿನ ಗಡಿ ಇದೆ. ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಗಡಿಯ ಅಂಚಿನಲ್ಲಿರುವ ಸಂಸಾರಕ್ಕೆ ಈ 23 ಯೂನಿಟ್ ಸಣ್ಣದಲ್ಲ. ಪರದೆ ತಿಂದ ವಿದ್ಯುತ್ತು ಕೊನೆಗೆ ಬಿಸಿಯಾಗಿ ಅದೇ ಕೋಣೆ ಸೇರುತ್ತದೆ ಎಂಬುದನ್ನೂ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಬಲವಾದ ಕಾರಣ ನಮ್ಮ ಸುದ್ದಿವಾಹಿನಿಗಳಲ್ಲಿದೆ. ತೆಲುಗಿನದೋ ಕನ್ನಡದ್ದೋ, ಯಾವುದಾದರೂ ನ್ಯೂಸ್ ಚಾನೆಲ್ ಹಾಕಿ ಪರದೆಯ ಕೆಳಭಾಗವನ್ನಷ್ಟೇ ನೋಡಿ. ಕೆಂಪು ಪಟ್ಟಿಯ ಮೇಲೆ ಬಿಳಿ ದಪ್ಪಕ್ಷರ, ಅದರಡಿ ಹಳದಿ ಪಟ್ಟಿಯಲ್ಲಿ ಓಡುವ ಸಾಲು, ಮೂಲೆಯಲ್ಲಿ ಗಡಿಯಾರ, ಮೇಲೆ ಚಾನೆಲ್ಲಿನ ಲಾಂಛನ, ಎಡಗಡೆ ‘ಬ್ರೇಕಿಂಗ್’ ಎಂಬ ಡಬ್ಬಿ. ಸುದ್ದಿ ಬದಲಾದರೂ ಇವು ಜಾಗ ಬಿಟ್ಟು ಕದಲುವುದಿಲ್ಲ. ಚುಕ್ಕಿ ತಾನೇ ಉರಿಯುವ ಪರದೆಯಲ್ಲಿ ಹೆಚ್ಚು ಉರಿದ ಚುಕ್ಕಿ ಬೇಗ ಸವೆಯುತ್ತದೆ. ಪಟ್ಟಿಯ ನೆರಳು ಪರದೆಯಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ಪ್ಲಾಸ್ಮಾಗೆ ಇದ್ದ ಈ ರೋಗ ಒಎಲ್‌ಇಡಿಗೂ ಇದೆ. ಕೆನಡಾದ ಆರ್‌ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆ 2018ರಲ್ಲಿ ಒಂದೇ ಮಾದರಿಯ ಆರು ಒಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆಯಂತೆ ತಿಂಗಳುಗಟ್ಟಲೆ ಓಡಿಸಿತು. ಸಿಎನ್‌ಎನ್ ಸುದ್ದಿ ಹಾಕಿದ್ದ ಪರದೆಯಲ್ಲಿ ಕಲೆ ಕೂತಿತು; ಸದಾ ಬದಲಾಗುವ ದೃಶ್ಯಗಳ ವಿಡಿಯೊ ಗೇಮ್ ಓಡಿಸಿದ್ದರಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗಲಿಲ್ಲ. ಸಿಎನ್‌ಎನ್ ಪಟ್ಟಿಗೇ ಹಾಗಾದರೆ ನಮ್ಮ ಚಾನೆಲ್ಲುಗಳ ಪಟ್ಟಿಗೆ ಏನಾದೀತು! ಬೆಳಗ್ಗೆ ಕಾಫಿಯಿಂದ ರಾತ್ರಿ ಊಟದವರೆಗೆ ಸುದ್ದಿ ಹಾಕಿಟ್ಟು, ಐಪಿಎಲ್ ಬಂದರೆ ಎರಡು ತಿಂಗಳು ಸ್ಕೋರ್ ಪಟ್ಟಿ ನೋಡುವ ಮನೆಗೆ ಒಎಲ್‌ಇಡಿ ಬೇಡ. ಹಣವಿದ್ದರೂ ಬೇಡ.

ಆದರೆ ಈ ತೀರ್ಪನ್ನು ಎಲ್ಲ ಮನೆಗೂ ಅನ್ವಯಿಸಿದರೆ ತಪ್ಪಾಗುತ್ತದೆ. ಹಗಲು ಟಿವಿ ಹಾಕದ, ಆಫೀಸು ಮುಗಿಸಿ ಬಂದು ರಾತ್ರಿ ದೀಪ ಸಣ್ಣದು ಮಾಡಿ ಒಟಿಟಿಯಲ್ಲಿ ಸಿನಿಮಾ ನೋಡುವ ಮನೆಗಳು ಗಚ್ಚಿಬೌಲಿ, ಮಾಧಾಪುರದ ಕಡೆ ಕಡಿಮೆಯೇನಿಲ್ಲ. ಅವರ ಲೆಕ್ಕವೇ ಬೇರೆ. ಈಚಿನ ನಮ್ಮ ದೊಡ್ಡ ಸಿನಿಮಾಗಳು ಕತ್ತಲನ್ನೇ ಬಣ್ಣವಾಗಿ ಬಳಸಿಕೊಂಡಿವೆ. ಪ್ರಶಾಂತ್ ನೀಲ್ ನಿರ್ದೇಶನ, ಭುವನ್ ಗೌಡ ಛಾಯಾಗ್ರಹಣದ ‘ಕೆಜಿಎಫ್’ನಲ್ಲಿ ಗಣಿಯ ಮಸಿ, ಧೂಳು, ಪಂಜಿನ ಬೆಳಕು, ಅದೇ ಪ್ರಶಾಂತ್ ನೀಲ್–ಭುವನ್ ಗೌಡ ಜೋಡಿ ತೆಲುಗಿಗೆ ಬಂದು ಮಾಡಿದ ‘ಸಲಾರ್’ನಲ್ಲಿ ಕಲ್ಲಿದ್ದಲಿನ ಕಪ್ಪು. ‘ಕಾಂತಾರ’ದ ಕೋಲದ ರಾತ್ರಿಯನ್ನು ಸಾಧಾರಣ ಎಲ್‌ಇಡಿಯಲ್ಲಿ ಹಾಕಿ ನೋಡಿ. ದೊಂದಿಯ ಉರಿಯ ಸುತ್ತ ಇರಬೇಕಾದ ಕಾಡು ಬೂದು ಹೊಗೆಯಾಗಿರುತ್ತದೆ, ಪರದೆಯ ಅಂಚುಗಳಲ್ಲಿ ಬಿಳಿ ಮೋಡ ಕೂತಿರುತ್ತದೆ, ಉರಿಗೂ ಕತ್ತಲಿಗೂ ನಡುವೆ ಛಾಯಾಗ್ರಾಹಕ ಕಟ್ಟಿದ ಅಂತರ ಕರಗಿಹೋಗಿರುತ್ತದೆ. ಅದನ್ನೇ ಒಎಲ್‌ಇಡಿಯಲ್ಲಿ ನೋಡಿದರೆ ಕಾಡು ಕಾಡಾಗಿ ಉಳಿಯುತ್ತದೆ. ಇನ್ನೊಂದು ಸಂಗತಿ: ಮಂಚದ ಮೇಲೊಬ್ಬರು, ನೆಲದ ಮೇಲೆ ಇಬ್ಬರು, ಊಟದ ಮೇಜಿನಿಂದ ಕತ್ತು ಚಾಚಿ ಒಬ್ಬರು ನೋಡುವ ಮನೆಯಲ್ಲಿ ಎದುರಿನ ನೋಟದಷ್ಟೇ ಓರೆ ನೋಟವೂ ಮುಖ್ಯ. ಪ್ಲಾಸ್ಮಾದಂತೆ ಒಎಲ್‌ಇಡಿಯಲ್ಲೂ ಓರೆಯಿಂದ ಬಣ್ಣ ಕೆಡುವುದು ಕಡಿಮೆ. ಎಲ್‌ಇಡಿಯಲ್ಲಿ ಮಾತ್ರ ಇಕ್ಕಟ್ಟು: ವಿಎ ಬಗೆಯ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನಾಗಿದ್ದರೆ ಓರೆನೋಟ ಸೋಲುತ್ತದೆ, ಐಪಿಎಸ್‌ನಲ್ಲಿ ಓರೆನೋಟ ಚೆನ್ನಾಗಿದ್ದರೆ ಕಪ್ಪು ಸೋಲುತ್ತದೆ. ಕೊಳ್ಳುವ ಮುನ್ನ ಪ್ಯಾನೆಲ್ ಯಾವುದು ಎಂದು ಕೇಳುವವರು ಅಪರೂಪ, ಉತ್ತರ ಗೊತ್ತಿರುವ ಸೇಲ್ಸ್‌ಮನ್ ಇನ್ನೂ ಅಪರೂಪ.

ಕೂರುವ ಜಾಗ ನೋಡಿ ಸೆಟ್ಟು ಎಂಬ ವಿಚಾರ ಈ ಊರಿಗೆ ಹೊಸದೇನಲ್ಲ. 1967ರಲ್ಲಿ ಹೈದರಾಬಾದಿನಲ್ಲಿ ಶುರುವಾದ, ಎ.ಎಸ್. ರಾವ್ ಕಟ್ಟಿ ಬೆಳೆಸಿದ ಇಸಿಐಎಲ್ ಕಾರ್ಖಾನೆಯೇ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಉಪಗ್ರಹ ಟಿವಿ ಪ್ರಯೋಗಕ್ಕೆ ಸೆಟ್ಟುಗಳನ್ನು ಮಾಡಿಕೊಟ್ಟದ್ದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅವು ಹೋದವು. ಕರ್ನಾಟಕದ ಪಾಲಿಗೆ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವ ತಂತಿ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರ ಜನವೆಲ್ಲ ಕೂತು ನೋಡುವ ಒಂದು ಕಪ್ಪು ಬಿಳುಪು ಸೆಟ್. ಎಲ್ಲಿಡುತ್ತಾರೆ, ಎಷ್ಟು ಜನ ನೋಡುತ್ತಾರೆ ಎಂಬ ಪ್ರಶ್ನೆಗಳು ಅಲ್ಲಿ ಮೊದಲು ಬಂದವು. ಆ ಪ್ರಶ್ನೆಗಳನ್ನು ಇವತ್ತು ಯಾವ ಜಾಹೀರಾತೂ ಕೇಳುವುದಿಲ್ಲ.

ಸಾಮಾನ್ಯ ನೋಡುಗನ ಕಣ್ಣಿಗೆ ಈ ವ್ಯತ್ಯಾಸವೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ, ಒಪ್ಪಿದೆ. ಧಾರಾವಾಹಿಯಲ್ಲೂ ಗೊತ್ತಾಗುವುದಿಲ್ಲ, ಅಲ್ಲಿ ನಡುರಾತ್ರಿಯ ದೃಶ್ಯಕ್ಕೂ ಮದುವೆ ಮನೆಯ ದೀಪ ಹಾಕಿರುತ್ತಾರೆ. ರಾತ್ರಿ ಸಿನಿಮಾದಲ್ಲಿ ಮಾತ್ರ ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಮಿನಿ ಎಲ್‌ಇಡಿ ಬಂದ ಮೇಲೆ ಈ ಜಗಳವೇ ಹಳತಾಯಿತಲ್ಲ ಎನ್ನುವುದು. ಹಿಂದಿನ ದೀಪವನ್ನು ನೂರಾರು ವಲಯಗಳಾಗಿ ಒಡೆದು, ಕತ್ತಲಿರುವ ಕಡೆ ಆ ವಲಯವನ್ನೇ ಆರಿಸುವ ಈ ವಿಧಾನ ನಿಜಕ್ಕೂ ದೊಡ್ಡ ಸುಧಾರಣೆ. ಬಿಸಿಲಿನ ಹಾಲ್, ರಾತ್ರಿ ಆಗಾಗ ಸಿನಿಮಾ ಎನ್ನುವ ಮನೆಗೆ ನಾನು ಹೇಳುವುದೂ ಇದನ್ನೇ. ಆದರೂ ವಲಯಗಳು ನೂರಾರು, ಚುಕ್ಕಿಗಳು 80 ಲಕ್ಷಕ್ಕೂ ಹೆಚ್ಚು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಸಬ್‌ಟೈಟಲ್ ಬಂದಾಗ ಅಕ್ಷರಗಳ ಸುತ್ತ ಮಸುಕು ಬೆಳಕಿನ ಪ್ರಭಾವಳಿ ಕಾಣುವುದು ಈ ಕಾರಣಕ್ಕೆ. ಬೆಲೆಯ ಮಾತು ಬಂದರೆ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗೆ ಮೇಲ್ಪಟ್ಟ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆದರೂ ಒಎಲ್‌ಇಡಿ ಮಧ್ಯಮ ವರ್ಗದ ಜೇಬಿಗೆ ಭಾರವೇ. ಆ ಹಣದಲ್ಲಿ ಒಳ್ಳೆಯ ಎಲ್‌ಇಡಿಯ ಜೊತೆಗೆ ಒಂದು ಸೌಂಡ್‌ಬಾರ್ ಬಂದೀತು, ಸಿನಿಮಾ ನೋಡುವವರಿಗೂ ಅದು ಕಡಿಮೆ ಲಾಭವಲ್ಲ.

ಇನ್ನು ಹಳೆಯ ಪ್ಲಾಸ್ಮಾ. ಮನೆಯಲ್ಲಿ ಒಂದು ಚೆನ್ನಾಗಿ ಓಡುತ್ತಿದ್ದರೆ ರಾತ್ರಿ ಸಿನಿಮಾಕ್ಕೆಂದು ಇಟ್ಟುಕೊಳ್ಳಿ. ಅಗ್ಗಕ್ಕೆ ಸಿಕ್ಕಿತೆಂದು ಸೆಕೆಂಡ್‌ಹ್ಯಾಂಡ್ ಕೊಳ್ಳಲು ಹೋಗಬೇಡಿ. ಎಲ್‌ಇಡಿಯ ಬ್ಯಾಕ್‌ಲೈಟ್ ಸ್ಟ್ರಿಪ್ ಹೋದರೆ ಕೋಟಿಯ ಗುಜರಾತಿ ಗಲ್ಲಿಯಂಥ ಕಡೆ ಹೊಸದು ಸಿಕ್ಕೀತು. ತಯಾರಿಕೆ ನಿಂತು ಹತ್ತು ವರ್ಷ ದಾಟಿದ ಪ್ಲಾಸ್ಮಾಗೆ ಬೋರ್ಡ್ ಹುಡುಕುವುದೆಂದರೆ ಇನ್ನೊಂದು ಕೆಟ್ಟ ಪ್ಲಾಸ್ಮಾ ಬಿಚ್ಚುವುದೆಂದೇ ಅರ್ಥ. ಹೊಸದು ಕೊಳ್ಳುವವರು ಕತ್ತಲ ದೃಶ್ಯವಿರುವ ಸಿನಿಮಾದ ತುಣುಕೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಲಿ. ವಿವಿಡ್ ತೆಗೆಸಿ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಹಾಕಿಸಿ, ಆ ಸಾಲಿನ ದೀಪವೊಂದನ್ನು ಆರಿಸಲು ಕೇಳಿ, ಎದುರಿನಿಂದಲೂ ಓರೆಯಿಂದಲೂ ನೋಡಲಿ. ಅಂಗಡಿಯವರು ಗೊಣಗಬಹುದು, ಗೊಣಗಲಿ. ಟಿವಿ ಅಂಗಡಿಗಳು ಒಂದು ಮಬ್ಬುಗತ್ತಲ ಕೋಣೆ ಇಟ್ಟರೆ ನಷ್ಟವೇನಿಲ್ಲ. ಒಎಲ್‌ಇಡಿ ಒಪ್ಪಿಗೆಯಾದರೆ ಬಿಲ್ ಮಾಡಿಸುವ ಮುನ್ನ ವಾರಂಟಿ ಕಾಗದ ಓದಿ, ಪರದೆಯಲ್ಲಿ ಕಲೆ ಉಳಿಯುವ ದೋಷಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಬರೆಸಿಕೊಳ್ಳಿ. ಹಲವು ಕಂಪನಿಗಳು ಅದನ್ನು ಬಳಕೆದಾರನ ತಪ್ಪಿನ ಪಟ್ಟಿಗೆ ಸೇರಿಸಿ ಕೈಬಿಟ್ಟಿರುತ್ತವೆ.