ನೊಂದವರಿಗೆ ಏನು ಬಡಿಸುತ್ತೇವೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ತೋಟವಿದ್ದವರು ಎಳನೀರು ಒಯ್ಯುತ್ತಾರೆ. ಉಳಿದವರು ಬೇಕರಿಯ ಮುಂದೆ ನಿಂತು ಬ್ರೆಡ್, ರಸ್ಕ್, ಬಿಸ್ಕತ್ತು ಕಟ್ಟಿಸಿಕೊಳ್ಳುತ್ತಾರೆ. ಇದರ ಹಿಂದಿರುವುದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪೊಟ್ಟಣವನ್ನು ಬಿಚ್ಚುವವರು ಯಾರು, ಅವರ ದೇಹಕ್ಕೆ ಅದು ಒಗ್ಗುತ್ತದೆಯೇ ಎಂದು ಕೇಳುವವರು ಕಡಿಮೆ. ಸಾಂತ್ವನ ಹೇಳಲು ಒಯ್ದ ತಿನಿಸೇ ಕಾಯಿಲೆಗೆ ನೀರೆರೆಯಬಾರದು ಎಂಬುದಷ್ಟೇ ಈ ಬರಹದ ಕಾಳಜಿ.

ನೊಂದವರಿಗೆ ಅಡುಗೆ ಮಾಡಿ ಕೊಡುವುದು ನಮಗೆ ಹೊಸದಲ್ಲ. ಮುಅ್ತಾ ಯುದ್ಧದಲ್ಲಿ ಜಾಫರ್ ಬಿನ್ ಅಬೂತಾಲಿಬ್(ರ) ಹುತಾತ್ಮರಾದ ಸುದ್ದಿ ಬಂದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸುವಂತೆ ಪ್ರವಾದಿ(ಸ) ಹೇಳಿದರು. ದುಃಖದಲ್ಲಿರುವವರಿಗೆ ಒಲೆ ಹಚ್ಚುವ ಚೈತನ್ಯ ಇರುವುದಿಲ್ಲ, ಆ ಕೆಲಸ ನೆರೆಹೊರೆಯವರದು ಎಂಬುದು ಅದರ ತಾತ್ಪರ್ಯ. ಇಂದು ಹಲವು ಕಡೆ ಇದು ತಿರುಗುಮುರುಗಾಗಿದೆ. ಸಾವಿನ ಮನೆಯವರೇ ಸಾಲ ಮಾಡಿ, ಬಂದವರಿಗೆಲ್ಲ ಬಿರಿಯಾನಿ ಬೇಯಿಸುತ್ತಾರೆ.

ಸಾವಾದ ಮನೆಯವರಿಗೂ ಕಾಯಿಲೆಯವರಿಗೂ ಹ. ಆಯಿಶಾ(ರ) ಹೇಳುತ್ತಿದ್ದ ಆಹಾರ ತಲ್ಬೀನಾ. ಅದು ಬಾರ್ಲಿ ಹಿಟ್ಟಿನ ತೆಳು ಗಂಜಿ. ಹಾಲಿನಂತೆ ಬೆಳ್ಳಗೆ, ನೀರಾಗಿರುವುದರಿಂದ ಆ ಹೆಸರು. ರೋಗಿಯ ಮನಸ್ಸಿಗೆ ಅದು ನೆಮ್ಮದಿ ಕೊಟ್ಟು ದುಃಖವನ್ನು ಸ್ವಲ್ಪ ಹಗುರಗೊಳಿಸುತ್ತದೆ ಎಂದು ಪ್ರವಾದಿ(ಸ) ಹೇಳಿದ್ದನ್ನು ಅವರು ವರದಿ ಮಾಡಿದ್ದಾರೆ. ಆ ಗಳಿಗೆಗೆ ಆರಿಸಿದ್ದು ಮಾಂಸವನ್ನಲ್ಲ, ಸಿಹಿ ತಿನಿಸನ್ನಲ್ಲ, ಬಿಸಿಯಾದ ತೆಳು ಗಂಜಿಯನ್ನು ಎಂಬುದನ್ನು ಗಮನಿಸಬೇಕು.

ಯುನಾನಿ ವೈದ್ಯದಲ್ಲೂ ಇದಕ್ಕೆ ಜಾಗವಿದೆ. ಆರೋಗ್ಯಕ್ಕೆ ಅಗತ್ಯವೆಂದು ಅದು ಎಣಿಸುವುದು ಆರು ಸಂಗತಿಗಳನ್ನು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದ ವಿಸರ್ಜನೆ ಮತ್ತು ಧಾರಣೆ. ಊಟವೂ ಮನಸ್ಸೂ ಒಂದೇ ಪಟ್ಟಿಯಲ್ಲಿವೆ. ಆಹಾರದಿಂದ ಮಾಡುವ ಚಿಕಿತ್ಸೆಗೆ ‘ಇಲಾಜ್ ಬಿಲ್ ಗಿಝಾ’ ಎಂದೇ ಹೆಸರು. ಜ್ವರವಿರಲಿ, ಶೋಕವಿರಲಿ, ಹಸಿವು ಮಂದವಾದಾಗ ಹಗುರಾದುದನ್ನು ಬಿಸಿಯಾಗಿ, ಸ್ವಲ್ಪಸ್ವಲ್ಪವೇ ಕೊಡಬೇಕು.

ನಾವು ಕೊಡುತ್ತಿರುವುದೇನು? ಸಕ್ಕರೆ, ಮೈದಾ, ವನಸ್ಪತಿ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಆಹಾರಕ್ಕೆ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು 6 ಟೀ ಚಮಚ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಹೊತ್ತು ಸಿಹಿ ಚಹಾ ಕುಡಿಯುವವರಿಗೆ ಅದರಲ್ಲೇ ಲೆಕ್ಕ ಮುಗಿಯುತ್ತದೆ. ಮೇಲೆ ರಸ್ಕ್ ಬೇರೆ!

ಎಳನೀರಿನ ವಿಷಯದಲ್ಲೂ ಎಚ್ಚರ ಬೇಕು. ವಾಂತಿಭೇದಿಯಿಂದ ಬಳಲಿದವರಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ದುರ್ಬಲವಾದವರಲ್ಲಿ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಡಯಾಲಿಸಿಸ್‌ನಲ್ಲಿರುವವರಿಗೆ ವೈದ್ಯರನ್ನು ಕೇಳದೆ ಎಳನೀರು ಕೊಡಲೇಬೇಡಿ. ತೆಂಗು ನಮ್ಮ ಅನ್ನ, ನಿಜ. ಆದರೂ ಕೊಬ್ಬರಿಯ ಕೊಬ್ಬು ಬಹುಪಾಲು ಸ್ಯಾಚುರೇಟೆಡ್ ಜಾತಿಯದು, ಹೃದ್ರೋಗಿಗಳಿಗೆ ಮಿತಿಯಿರಲಿ.

ಹಾಗಾದರೆ ಏನು ಒಯ್ಯಬೇಕು? ಎರಡು ದೊಡ್ಡ ಚಮಚ ಬಾರ್ಲಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 10-15 ನಿಮಿಷ ಬೇಯಿಸಿ. ಅರ್ಧ ಲೋಟ ಹಾಲು ಸೇರಿಸಿ ಇನ್ನೈದು ನಿಮಿಷ ಬಿಡಿ. ಒಂದು ಚಿಟಿಕೆ ಏಲಕ್ಕಿ ಹಾಕಿದರೆ ತಲ್ಬೀನಾ ಸಿದ್ಧ. ಜೇನು ಬೇಕೆಂದರೆ ಒಂದು ಚಮಚ ಸಾಕು. ಸಕ್ಕರೆ ಕಾಯಿಲೆಯವರಿಗೆ ಅದೂ ಬೇಡ, ಒಂದು ವರ್ಷದೊಳಗಿನ ಮಗುವಿಗಂತೂ ಜೇನು ಕೂಡದು. ಬಾರ್ಲಿ ಸಿಗದಿದ್ದರೆ ರಾಗಿ ಹಿಟ್ಟಿದೆ. ಹಾಲು ಒಗ್ಗದವರಿಗೆ ತೆಳುವಾದ ಕಾಯಿ ಹಾಲನ್ನು ಕೊನೆಯಲ್ಲಿ ಬೆರೆಸಿ ತಕ್ಷಣ ಇಳಿಸಿ, ಕುದಿಸಿದರೆ ಒಡೆಯುತ್ತದೆ. ಉಪ್ಪು ರುಚಿ ಬೇಕಾದವರಿಗೆ ಅರ್ಧ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ನಾಲ್ಕು ಲೋಟ ನೀರಿನಲ್ಲಿ ಮೆತ್ತಗೆ ಬೆಂದ ಕಿಚಡಿ ಮಾಡಿ.

ಹಬ್ಬದ ನಾನ್‌ಖಟಾಯಿ ಬೇಡವೇ ಎಂದು ಮಕ್ಕಳು ಕೇಳಬಹುದು. ಹಬ್ಬಕ್ಕೆ ಇರಲಿ. ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೂ ಮನೆಯಲ್ಲಿ ತುಪ್ಪ ಹಾಕಿ, ಸಕ್ಕರೆ ಕಡಿಮೆ ಮಾಡಿ ಬೇಯಿಸಿದರೆ ಏನು ಹಾಕಿದ್ದೇವೆಂಬುದು ನಮಗೆ ಗೊತ್ತಿರುತ್ತದೆ. ಹಾಗೆಂದು ಅದು ದಿನದ ಆಹಾರವಾಗದು, ರೋಗಿಯ ಆಹಾರವಂತೂ ಅಲ್ಲ.

‘ಪುರುಸೊತ್ತೆಲ್ಲಿದೆ ಹಕೀಮ್ ಸಾಹೇಬರೇ?’ ಎನ್ನುವವರಿದ್ದಾರೆ. ಒಂದು ಕಾಯಿ ಉಂಡೆ ಕೊಬ್ಬರಿಯಾಗಲಿ ಎಂದು ಅಟ್ಟದ ಮೇಲಿಟ್ಟು ತಿಂಗಳುಗಟ್ಟಲೆ ಕಾಯುವ ಸೀಮೆ ನಮ್ಮದು. ಗಂಜಿಗೆ ಇಪ್ಪತ್ತು ನಿಮಿಷ ಸಾಕು. ಸಮಸ್ಯೆ ಸಮಯದ್ದಲ್ಲ, ಒಲೆಯ ಮುಂದೆ ಯಾರು ನಿಲ್ಲಬೇಕು ಎಂಬುದರದ್ದು. ಮನೆಮಂದಿಗೆಲ್ಲ ಬಿಸಿಬಿಸಿ ಬಡಿಸುವ ಅಮ್ಮಿಗೆ ಜ್ವರ ಬಂದ ದಿನ ಹೋಟೆಲಿನಿಂದ ಪಾರ್ಸೆಲ್ ಬರುತ್ತದೆ. ಎಲ್ಲರೂ ಅದನ್ನು ಉಣ್ಣುತ್ತಾರೆ. ಅವರು ಮಾತ್ರ ಚಹಾದಲ್ಲಿ ಎರಡು ರಸ್ಕ್ ಅದ್ದಿ ತಿಂದು ಮಲಗುತ್ತಾರೆ. ಪ್ರವಾದಿ(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಹೇಳಿದವರೂ ಹ. ಆಯಿಶಾ(ರ) ಅವರೇ. ಮನೆಯ ಪ್ರತಿಯೊಬ್ಬ ಗಂಡು ಮಗನಿಗೆ ಒಂದು ಗಂಜಿ, ಒಂದು ಕಿಚಡಿ ಮಾಡಲು ಬರಲೇಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಗಂಜಿ ಎಲ್ಲಕ್ಕೂ ಮದ್ದಲ್ಲ ಎಂಬುದೂ ನೆನಪಿರಲಿ. ಯಾರಾದರೂ ವಾರಗಟ್ಟಲೆ ಊಟ, ನಿದ್ರೆ ಬಿಟ್ಟು ಮಂಕಾಗಿದ್ದರೆ, ಬದುಕು ಸಾಕೆನ್ನುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಸಲ ಯಾರನ್ನಾದರೂ ನೋಡಲು ಹೊರಡುವ ಮೊದಲು ಆ ಮನೆಗೆ ಒಂದು ಫೋನ್ ಮಾಡಿ. ‘ಅವರಿಗೆ ಏನು ಸೇರುತ್ತದೆ, ಡಾಕ್ಟರು ಏನು ಬೇಡವೆಂದಿದ್ದಾರೆ?’ ಎಂದು ಕೇಳಿ. ಆಮೇಲೆ ಒಲೆ ಹಚ್ಚಿ.