ಎರೆಭೂತಕ್ಕೆ ಗಡಿಯುಂಟೇ?

ಗಡಿಯ ಕಷ್ಟವನ್ನು ಆದವಾನಿಯ ಕನ್ನಡಿಗರಾದ ನಮಗಾಗಲಿ ಕಾಸರಗೋಡಿನ ನಿಮಗಾಗಲಿ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಎರೆನೆಲದ ಹಕ್ಕಿಯೊಂದು ಅದೇ ಕಷ್ಟದಲ್ಲಿ ಅಳಿಯುತ್ತಿದೆ. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿ ಕನ್ನಡದಲ್ಲಿ ಎರೆಭೂತ, ತೆಲುಗಿನಲ್ಲಿ ಬಟ್ಟಮೇಕ.

ಇದಕ್ಕಾಗಿ 1988ರಲ್ಲಿ ಅಂದಿನ ಕರ್ನೂಲು, ಇಂದಿನ ನಂದ್ಯಾಲ ಜಿಲ್ಲೆಯ ರೊಳ್ಳಪಾಡಿನಲ್ಲಿ ಅಭಯಾರಣ್ಯವಾಯಿತು. ವಿಸ್ತೀರ್ಣ ಸುಮಾರು 6 ಚದರ ಕಿಲೋಮೀಟರ್. ದೂರದೂರ ಅಲೆದು ಮೇಯುವ, ಒಂದು ಸಲಕ್ಕೆ ಒಂದೇ ಮೊಟ್ಟೆಯನ್ನು ಬರಿನೆಲದಲ್ಲಿಡುವ ಹಕ್ಕಿಗೆ ಅಷ್ಟು ಸಾಕೇ? ಸುತ್ತಲಿನ ಹೊಲಗಳಿಗೆ ಕಾಲುವೆ ನೀರು ಬಂದು ಬೆಳೆ ಬದಲಾಯಿತು. ಹೆಚ್ಚಿದ ಕೃಷ್ಣಮೃಗಗಳು ಪೈರು ಮೇಯ್ದು ರೈತನ ಮನಸ್ಸು ಮುರಿದವು. ಈಗ ಅಲ್ಲಿ ಎರೆಭೂತ ಕಾಣುವುದೇ ದುರ್ಲಭ. ನಮ್ಮ ಪಡುವಣ ಗಡಿಯಾಚೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಕಡಲಿನಲ್ಲೂ ಇದೇ ಪಾಠ. ಹವಳದ ದಿಬ್ಬಗಳ ಶಾರ್ಕ್ ಮೀನುಗಳಿಗೆ ಸಂಕೇತಯಂತ್ರ ಕಟ್ಟಿ ನೋಡಿದಾಗ, ಅವು ರಕ್ಷಿತ ಗೆರೆಯನ್ನು ದಾಟಿ ಹೋಗುವುದು ತಿಳಿದುಬಂತು. ಕಾಪಾಡಬೇಕಾದದ್ದು ಪ್ರಾಣಿಯ ದಾರಿಯನ್ನು, ಬರೀ ಬೇಲಿಯೊಳಗಿನ ಜಾಗವನ್ನಲ್ಲ.

ಎರಡೂ ಸರಕಾರಗಳು ಕೂಡಿ ಈ ಹಕ್ಕಿಯ ಜಾಡು ಹಿಡಿಯಲಿ. ಮಳೆಯಾಶ್ರಯದ ಜೋಳ, ಕಡಲೆ ಬೆಳೆದು ಅದಕ್ಕೆ ಎಡೆಗೊಡುವ ರೈತನ ನಷ್ಟ ತುಂಬಲಿ. ಹಾರುವ ದಾರಿಯ ವಿದ್ಯುತ್ ತಂತಿಗಳನ್ನು ಸರಿಸಲಿ. ಹಕ್ಕಿ ಹೋದರೆ ಎರೆಭೂತವೆಂಬ ಕನ್ನಡದ ಮಾತೂ ನಮ್ಮ ಮಕ್ಕಳ ಬಾಯಿಂದ ಹೋಗುತ್ತದೆ.